ಮೆಷಿನ್ ನಿಲ್ಲಿಸಿ ಹೇಳಬೇಕಾದ ಮಾತು

ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿದ್ದ ಮೇಸ್ತ್ರಿ, ಉಗುರಿಲ್ಲದ ಬಲ ಹೆಬ್ಬೆರಳಿನಿಂದ ಸ್ಕ್ಯಾನ್ ಕವರಿನ ಅಂಚು ಸವರುತ್ತಿದ್ದರು. ಲೇತ್‌ನಲ್ಲಿ ಕಡೆದ ಕಬ್ಬಿಣ ನಯವಾಗಿದೆಯೇ ಎಂದು ಅವರು ನೋಡುವುದೂ ಹಾಗೆಯೇ.

"ಈ ಪೇಷಂಟ್ ಅಟೆಂಡರ್ ಯಾರು?" ಎಂದರು ಡಾಕ್ಟರು. ನಾನು ಎದ್ದೆ. ನಡೆಯುತ್ತಲೇ, ಫೋನ್ ನೋಡುತ್ತಲೇ ಇಂಗ್ಲಿಷಿನಲ್ಲಿ ಹೇಳಿದರು: ಶ್ವಾಸಕೋಶದ ಕ್ಯಾನ್ಸರ್, ಹರಡಿದೆ, ಆಪರೇಷನ್ ಆಗುವುದಿಲ್ಲ. ಕೊನೆಗೆ ಕನ್ನಡದಲ್ಲಿ, "ಅವ್ರಿಗೆ ಈಗ್ಲೇ ಹೇಳೋಕೆ ಹೋಗ್ಬೇಡಿ." ಲಿಫ್ಟ್ ಬಂತು. ಹೋದರು.

ಬಿ.ಇ. ಮುಗಿಸಿ ಪೀಣ್ಯದ ಲೇತ್ ಶೆಡ್ಡಿಗೆ ಸೇರಿದಾಗ ನನಗೆ ಮೈಕ್ರೋಮೀಟರ್ ಹಿಡಿಯಲು ಕಲಿಸಿದವರು ಈ ಮೇಸ್ತ್ರಿ. ತುರುವೇಕೆರೆ ಕಡೆಯ ಮಾತು. "ಬನ್ನಿ ಇಂಜಿನಿಯರ್ರೇ, ನಟ್ಟು ಯಾವ ಕಡೀಕ್ ತಿರುಗ್ತದೆ ಅಂತ ಕಾಲೇಜಲ್ಲಿ ಏಳ್ಕೊಟ್ಟವ್ರಾ?" ಎಂದು ಎಲ್ಲರೆದುರು ಕಾಲೆಳೆಯುತ್ತಿದ್ದರು. ಆದರೆ ಯಾರದಾದರೂ ಕೆಲಸ ಕೆಟ್ಟರೆ ಕೂಗುತ್ತಿರಲಿಲ್ಲ. ಅವನ ಮೆಷಿನ್ ಆಫ್ ಮಾಡಿ, ತುಂಡನ್ನು ಹಿಡಿದು ತಿರುಗುವ ಚಕ್ ಪೂರ್ತಿ ನಿಲ್ಲುವವರೆಗೆ ಕಾದು, ಸ್ಟೂಲಿನ ಮೇಲೆ ಕೂರಿಸಿ, ಕೆಟ್ಟ ತುಂಡನ್ನು ಕೈಗೇ ಕೊಟ್ಟು ಹೇಳುತ್ತಿದ್ದರು. "ಓಡೋ ಮೆಷಿನ್ ಮುಂದೆ ಕೆಟ್ ಸುದ್ದಿ ಏಳ್ಬಾರ್ದು. ಕೈ ಓಯ್ತದೆ." ಅವರ ತಾಯಿ ತೀರಿಕೊಂಡ ಸುದ್ದಿಯನ್ನು ಯಾರೋ ಬಾಗಿಲಿಂದಲೇ ಕೂಗಿದ್ದರಂತೆ. ಉಗುರು ಹೋದದ್ದು ಆಗ.

ಅಂಥವರಿಗೆ ನಾನು ನ್ಯುಮೋನಿಯಾ ಎಂದೆ. ಅವರು ಏನೂ ಕೇಳದೆ ಕೆಲಸಕ್ಕೆ ಬಂದರು.

ಮುಂದಿನ ವಾರ ಡಾಕ್ಟರು ಟೈಪ್ ಮಾಡುತ್ತ ಮತ್ತೆ ನನ್ನೊಡನೆಯೇ ಮಾತಾಡಿದರು. ಮೇಸ್ತ್ರಿ ತಡೆದರು. "ಸಾರ್, ಆ ಕಂಪ್ಯೂಟ್ರು ಒಂದ್ನಿಮ್ಸ ನಿಲ್ಸಿ. ನನ್ ಮಕ ನೋಡಿ ಏಳಿ. ಕಾಯ್ಲೆ ನಂದು."

"ಎಲ್ಲಾ ಅಟೆಂಡರ್‌ಗೆ ಹೇಳಿದೀನಲ್ಲ," ಎಂದು ಡಾಕ್ಟರು ಮುಂದಿನವರಿಗೆ ಬೆಲ್ ಒತ್ತಿದರು. ಬಸ್ಸಿನಲ್ಲಿ ಮೇಸ್ತ್ರಿ ನನ್ನನ್ನೇ ನೋಡಿದರು. ನಾನು ಕಿಟಕಿಯಾಚೆ ನೋಡಿದೆ.

ಆ ಸುಳ್ಳು ಹೇಳಿದ ಒಂಬತ್ತನೆಯ ದಿನ ಕೆಮ್ಮು ಬಂದು ಅವರು ಲೇತ್ ಮೇಲೆ ಬಾಗಿದರು. ಅಂಗಿಯ ತೋಳು ಚಕ್ಕಿಗೆ ಸಿಕ್ಕಿತು. ಸ್ವಿಚ್ ಒತ್ತಿದ್ದು ನಾನೋ, ನನ್ನ ಭಯವೋ. ಬಟ್ಟೆ ಹರಿದಿತ್ತು, ಕೈ ಉಳಿದಿತ್ತು. ಚಕ್ ನಿಂತ ಮೇಲೆ ಸ್ಟೂಲ್ ಎಳೆದು ಕೂರಿಸಿ, ನನ್ನ ಬ್ಯಾಗಿನಲ್ಲಿದ್ದ ಸ್ಕ್ಯಾನ್ ಕೈಗೆ ಕೊಟ್ಟು, ಎಲ್ಲ ಹೇಳಿದೆ.

"ಎಷ್ಟ್ ದಿನ?"

"ಕೇಳೋಕೆ ಡಾಕ್ಟ್ರು ಬಿಡ್ಲಿಲ್ಲ ಮೇಸ್ತ್ರಿ."

ಸ್ಕ್ಯಾನ್ ಕವರಿನ ಅಂಚನ್ನು ಹೆಬ್ಬೆರಳಿನಿಂದ ಸವರಿ ಅಂದರು, "ಒಂಬತ್ ದಿನ ಓಡೋ ಮೆಷಿನ್ ಮುಂದೆ ನಿಲ್ಸಿದ್ಯಲ್ಲೋ ನನ್ನ."

ನಾಲ್ಕು ತಿಂಗಳಿಗೆ ಅವರು ಹೋದರು. ಆ ಹರಿದ ತೋಳು ಈಗಲೂ ಕಣ್ಣ ಮುಂದೆ ಬರುತ್ತದೆ. ಬಂದಾಗಲೆಲ್ಲ ನಿಜ ಹೇಳಿದ ಮರುದಿನದ ಬೆಳಿಗ್ಗೆಯನ್ನು ನೆನೆಯುತ್ತೇನೆ. ತಮ್ಮ ಮೈಕ್ರೋಮೀಟರ್ ನನಗೆ ಕೊಡಲು ಅವರು ಶೆಡ್ಡಿಗೆ ಬಂದಾಗ ಹತ್ತೂವರೆ. ಅಷ್ಟು ವರ್ಷಗಳಲ್ಲಿ ಮೊದಲ ಸಲ ತಡ.

"ಒಂಬತ್ ದಿನದ್ ನಿದ್ದೆ ಒಟ್ಗೇ ಬಂದ್ಬುಡ್ತು ಕಣೋ," ಎಂದರು, ನಾಚಿಕೊಂಡು. "ಬೆಳಗಾಗಿದ್ದೇ ಗೊತ್ತಾಗ್ನಿಲ್ಲ."