ನಮ್ಮವರ ಪೇಟಿಯ ಸಾ

ನಮ್ಮವರು ಟೇಲರ್ ಆಗಿದ್ದರು. ಸಂಗೀತದ ಮಾಸ್ತರೂ ಆಗಿದ್ದರು. ಶಹಾಪುರದಲ್ಲಿ ಬಟ್ಟೆ ಹೊಲಿಯುವವರನ್ನೂ ಮಾಸ್ತರ ಅನ್ನುತ್ತಾರೆ, ಹಾಡು ಕಲಿಸುವವರನ್ನೂ ಮಾಸ್ತರ ಅನ್ನುತ್ತಾರೆ. ಬಾಗಿಲಲ್ಲಿ ಯಾರಾದರೂ "ಭಗವಂತರಾಯ ಮಾಸ್ತರ" ಎಂದು ಕೂಗಿದರೆ, ಅವರ ಕೈಯಲ್ಲಿ ಬಟ್ಟೆಯ ಗಂಟು ಇದೆಯೋ ಮಗುವಿನ ಕೈ ಇದೆಯೋ ಎಂದು ನಾನು ಮೊದಲು ನೋಡುತ್ತಿದ್ದೆ.

ಹೋದ ವರ್ಷ ಶ್ರಾವಣದಲ್ಲಿ ಹೋದರು. ಮಷಿನಿನ ಮೇಲೆ ತಲೆ ಇಟ್ಟರು. ನಾನು ಚಹಾ ತಂದೆ. ತಲೆ ಎತ್ತಲಿಲ್ಲ. ಮಣ್ಣಿಗೆ ಒಯ್ಯುವ ಮುಂಚೆ ಶಿಷ್ಯರೆಲ್ಲ ಸುತ್ತ ಕೂತು ಅವರದೇ ಪೇಟಿ, ಅಂದರೆ ಹಾರ್ಮೋನಿಯಂ, ಹಿಡಿದು ಭಜನೆ ಮಾಡಿದರು. ನಾನು ಅಳಲಿಲ್ಲ. ಪೇಟಿ ಕೇಳುತ್ತ ಕೂತಿದ್ದೆ.

ಆ ಪೇಟಿ ನನಗಿಂತ ಮೊದಲು ಆ ಮನೆಗೆ ಬಂದದ್ದು. ನಾನು ದೋರನಹಳ್ಳಿಯಿಂದ ಸೊಸೆಯಾಗಿ ಬಂದಾಗ ಪಡಸಾಲೆಯಲ್ಲಿ ಒಂದು ಕಡೆ ಮಷಿನು, ಇನ್ನೊಂದು ಕಡೆ ಪೇಟಿ. ನಡುವೆ ನಾನು ಹಾಸಿಗೆ ಹಾಸಬೇಕಿತ್ತು. ಮದುವೆಗೆ ಮೊದಲು ಶಹಾಪುರದಲ್ಲಿ ಒಂದು ನಾಟಕ ಕಂಪನಿ ಕ್ಯಾಂಪು ಹಾಕಿತ್ತಂತೆ. ರಾಜನ ಅಂಗಿ, ರಾಣಿಯ ಕುಪ್ಪಸ ಎಲ್ಲ ಇವರೇ ಹೊಲಿದರು. ಹಗಲು ಖಾಲಿ ತಂಬುವಿನಲ್ಲಿ ಕಂಪನಿಯ ಪೇಟಿ ಮಾಸ್ತರರ ಹತ್ತಿರ ಕೂತು ಕಲಿತರು. ಕಂಪನಿ ಮುಚ್ಚಿತು. ಆ ಮಾಸ್ತರರು ಊರಿಗೆ ಹೊರಡುವಾಗ ಪೇಟಿಯನ್ನು ಇವರ ಮಡಿಲಿಗೆ ಇಟ್ಟು ಹೋದರು. ಅಲ್ಲಿಂದ ಶುರುವಾಯಿತು.

ಸಂಜೆ ಶಾಲೆ ಬಿಟ್ಟ ಮೇಲೆ ಮಕ್ಕಳು ಬರುತ್ತಿದ್ದರು. ಇವರು ಮಷಿನಿನ ಪಟ್ಟಿ ಕಳಚಿ, ಕೊರಳಿಗೆ ಟೇಪು ಇದ್ದ ಹಾಗೇ ಚಾಪೆಯ ಮೇಲೆ ಕೂರುತ್ತಿದ್ದರು. ಪೇಟಿಯ ಬಿಳಿ, ಕರಿ ಮನೆಗಳಲ್ಲಿ ಎರಡನೆಯ ಕರಿ ಮನೆಯನ್ನು ಬೆರಳಿನಿಂದ ಒತ್ತುತ್ತಿದ್ದರು. ಅದೇ ಸಾ. ಎಲ್ಲರೂ ಕಣ್ಣು ಮುಚ್ಚಿ ಒಂದೇ ಉಸಿರಿನಲ್ಲಿ ಸಾ ಹಿಡಿಯಬೇಕು. ಅದಾಗದೆ ಮುಂದಿನ ಪಾಠ ಇಲ್ಲ. ದೊಡ್ಡ ಸಾಹುಕಾರರ ಮಗ ಇದ್ದರೂ ಇಲ್ಲ.

"ಏ, ನಿನ್ನ ಸಾ ಎಲ್ಲಿ ಹೋಗ್ಯದೋ? ಭೀಮರಾಯನಗುಡಿಗೆ ಹೋಗ್ಯದೇನು? ಕರಕೊಂಡ ಬಾ ಅದನ್ನ."

ಮಕ್ಕಳು ನಗುತ್ತಿದ್ದರು. ನಕ್ಕರೆ ಉಸಿರು ಬಿಟ್ಟುಹೋಗುತ್ತಿತ್ತು. ಮತ್ತೆ ಮೊದಲಿಂದ.

ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ನನಗೆ ರಾಗ ತಿಳಿಯುವುದಿಲ್ಲ. ಭೂಪ ಯಾವುದು ದುರ್ಗಾ ಯಾವುದು ಎಂದು ಕೇಳಿದರೆ ಗೊತ್ತಿಲ್ಲ. ಸಾ ಮಾತ್ರ ಗೊತ್ತು. ಇಷ್ಟು ವರ್ಷ ದಿನಾ ಕೇಳಿದರೆ ಗೋಡೆಗೂ ಗೊತ್ತಾಗುತ್ತದೆ.

ದಸರೆಗೆ ಓಣಿಯ ಕಟ್ಟೆಯ ಮೇಲೆ ಮಕ್ಕಳ ಹಾಡಿಕೆ. ಹೆಂಗಸರು ಮನೆಯಿಂದ ಜಮಖಾನೆ ತಂದು ಹಾಸುವರು. ಮೈಕಿನವನು ಎಕೋ ಹಾಕಿದರೆ ಇವರು ವೇದಿಕೆಯಿಂದಲೇ ಕೂಗುವರು: "ತಮ್ಮಾ, ಬಾವ್ಯಾಗ ಬಿದ್ದವರಂಗ ಕೇಳಸ್ತದ, ತಗಿ ಅದನ್ನ." ಮುಂದಿನ ಸಾಲಿನಲ್ಲಿ ಪಾನಂಗಡಿಯ ಈಶಪ್ಪ ಕೂತು ಎಲ್ಲದಕ್ಕೂ ವ್ಹಾ ಅನ್ನುತ್ತಿದ್ದ. ಮಗು ಮರೆತು ನಿಂತರೂ ವ್ಹಾ. ಹಾಡು ಮುಗಿದ ಮೇಲೆ ಮಂಡಕ್ಕಿ, ಚಹಾ. ಆ ಹುಡುಗಿಯರು ಈಗ ಮಕ್ಕಳ ತಾಯಂದಿರು. ಸಂತೆಯಲ್ಲಿ ಸಿಕ್ಕರೆ ಅವರವರ ಹಾಡಿನಿಂದ ನೆನಪಾಗುತ್ತಾರೆ, ಹೆಸರಿನಿಂದಲ್ಲ.

ಯಾದಗಿರಿಯಿರಲಿ, ಸುರಪುರವಿರಲಿ, ಎಲ್ಲಿ ಹಾಡಿಕೆ ಇದ್ದರೂ ಇವರು ತಮ್ಮ ಪೇಟಿ ಹೊತ್ತುಕೊಂಡೇ ಹೋಗುತ್ತಿದ್ದರು. ಕರೆದವರು ನಮ್ಮಲ್ಲಿ ಹೊಸ ಪೇಟಿ ಇದೆ ಅಂದರೂ ಕೇಳುತ್ತಿರಲಿಲ್ಲ. ಬಸ್ಸಿನಲ್ಲಿ ಮಕ್ಕಳು ನಿಲ್ಲುವರು, ಪೇಟಿ ಸೀಟಿನ ಮೇಲೆ. ಮಾಸ್ತರಿಗೆ ಸೊಕ್ಕು ಎಂದು ಕೆಲವರು ಆಡಿಕೊಂಡರು. ಈಶಪ್ಪ ಮುಖದ ಮೇಲೆಯೇ ಕೇಳಿದ.

"ಮಾಸ್ತರ, ಯಾದಗಿರ್ಯಾಗ ಪೇಟಿ ಹುಟ್ಟೂದಿಲ್ಲೇನ್ರಿ? ಹೊಸಾ ಹೇಣ್ತಿ ಕರಕೊಂಡು ಹೊಂಟಂಗ ಹೊಂಟೀರಲ್ಲ."

"ಹೇಣ್ತಿ ಮನ್ಯಾಗ ಅದಾಳೋ ಈಶಪ್ಪ. ಇದು ಅಕಿ ಸವತಿ."

ಒಳಗಿನಿಂದ ನಾನು ಅಂದೆ, "ಸವತಿಗಿ ಸೀಟು ಕೊಡಸ್ತೀರಿ. ನನಗ ಒಂದಿನಾನೂ ಕೊಡಿಸಿಲ್ಲ."

ಈಶಪ್ಪ ಅದಕ್ಕೂ ವ್ಹಾ ಅಂದ.

ಇವರು ಹೋದ ಮೇಲೆ ಕ್ಲಾಸು ನಿಂತಿತು. ಪಡಸಾಲೆ ಸುಮ್ಮನಿತ್ತು. ಆಗ ಶಾಂಭವಿ ಬಂದಳು. ನಮ್ಮ ಹಳೇ ವಿದ್ಯಾರ್ಥಿನಿ. ಧಾರವಾಡದಲ್ಲಿ ಸಂಗೀತ ಓದಿ ಯಾದಗಿರಿಯ ಒಂದು ಶಾಲೆಯಲ್ಲಿ ಕಲಿಸುತ್ತಾಳೆ.

"ಅಕ್ಕಾರ, ಶನಿವಾರ ಐತವಾರ ನಾ ಬರ್ತೀನಿ. ಬಾಗಲಾ ಮುಚ್ಚಬ್ಯಾಡ್ರಿ."

ಮುಚ್ಚಲಿಲ್ಲ. ಮೊದಲ ಶನಿವಾರ ಅವಳು ಅದೇ ಪೇಟಿಯಲ್ಲಿ ಅದೇ ಕರಿ ಮನೆ ಒತ್ತಿದಳು. ಮಕ್ಕಳು ಸಾ ಅಂದರು. ನಾನು ಹಿಟ್ಟಿನ ಕೈಯಲ್ಲೇ ಕೂತುಬಿಟ್ಟೆ. ಇವರು ಪಡಸಾಲೆಯಲ್ಲಿ ಇದ್ದರು ಅನ್ನಲೇ? ಇದ್ದರು.

ಮಕ್ಕಳಲ್ಲಿ ಫಿರ್ದೌಸ್ ಎಂಬ ಹುಡುಗಿ ಚೆನ್ನಾಗಿ ಹಾಡುತ್ತಿದ್ದಳು. ಅವಳ ತಾಯಿ ಖುರ್ಷೀದಬೇಗಂ ನಮ್ಮಲ್ಲಿಗೆ ಬಂದ ಸೀರೆಗಳಿಗೆ ಫಾಲು ಹಚ್ಚುತ್ತಿದ್ದಳು. ಫಿರ್ದೌಸ್ ಕೂಸಾಗಿದ್ದಾಗ ಕಂಕುಳಲ್ಲಿ ತರುತ್ತಿದ್ದಳು. ಮಗು ಮಷಿನಿನ ಕೆಳಗೆ ಬಟ್ಟೆ ಚೂರುಗಳಲ್ಲಿ ಕೂತು ಬೆಳೆಯಿತು. ಮಾತು ಕಲಿಯುವ ಮೊದಲೇ ಸಾ ಅಂದಿತ್ತು. ಇವರಿಗೆ ಆ ಹುಡುಗಿಯೆಂದರೆ ಜೀವ. ನಮಗೆ ಮಕ್ಕಳಿಲ್ಲ.

ಈ ಸಲ ಜಿಲ್ಲೆಯ ಶಾಲಾ ಮಕ್ಕಳ ಹಾಡಿನ ಸ್ಪರ್ಧೆಗೆ ಅವಳು ಆರಿಸಿ ಬಂದಳು. ಯಾದಗಿರಿಯಲ್ಲಿ. ಶಾಂಭವಿ ಕರೆದುಕೊಂಡು ಹೋದಳು. ಅಲ್ಲಿ ಎಲ್ಲ ಇದೆ ಅಂದರಂತೆ. ಪೇಟಿ ಮನೆಯಲ್ಲೇ ಉಳಿಯಿತು. ನಮ್ಮ ಪಾಠದ ಮಕ್ಕಳು ಹಾಡಿಕೆಗೆ ಆ ಪೇಟಿ ಇಲ್ಲದೆ ಊರು ದಾಟಿದ್ದು ಅದೇ ಮೊದಲು.

ಸಂಜೆ ಶಾಂಭವಿ ಒಬ್ಬಳೇ ಬಂದಳು. ಮುಖ ಬಾಡಿತ್ತು.

"ಏನಾತವ್ವಾ?"

"ಅಲ್ಲಿ ಕರೆಂಟಿನ ತಂಬೂರಿ ಪೆಟಗಿ ಇಟ್ಟಿದ್ರು. ಎರಡನೇ ಕರಿ ಮನಿಗಿ ಹಚ್ಚರಿ ಅಂದೆ, ಹಚ್ಚಿದ್ರು. ಇಕಿ ಕಣ್ಣ ಮುಚ್ಚಿ ಸಾ ಅಂದ್ಲು. ಪೆಟಗಿ ಒಂದು ಕಡಿ, ಇಕಿ ಒಂದು ಕಡಿ."

"ಅಂದ್ರ?"

"ತುಸು ಕೆಳಗ್ರಿ ಅಕ್ಕಾರ. ಅರ್ಧ ಸ್ವರನೂ ಇಲ್ಲ. ಆದ್ರ ಕೇಳೂದಕ್ಕ ಆಗೂದಿಲ್ಲ, ಹಲ್ಲಿಗಿ ಕಲ್ಲು ಸಿಕ್ಕಂಗ. ತಬಲಾದವ್ರು ಮುಖಾ ಮುಖಾ ನೋಡಿದ್ರು. ಹಿಂದಿದ್ದ ಹುಡುಗರು ನಕ್ಕರು. ಇಕಿ ಮಾತ್ರ ಬಿಡಲಿಲ್ಲ. ಕಡೀತನಾ ಅದರಾಗೇ ಹಾಡಿದ್ಲು. ಇಳದು ಬಂದು ಅತ್ಲು."

ಶಾಂಭವಿ ಪೇಟಿಯ ಮುಂದೆ ಕೂತಳು. ಆಮೇಲೆ ತನ್ನ ಮೊಬೈಲಿನಲ್ಲಿ ತಂಬೂರಿ ಹಚ್ಚಿ ನಮ್ಮ ಪೇಟಿ ಒತ್ತಿದಳು. ಎರಡೂ ಜಗಳಾಡಿದವು. ನನಗೂ ಕೇಳಿಸಿತು.

"ಧಾರವಾಡಕ್ಕ ಹೋದಾಗ ನನಗೂ ಹಿಂಗೇ ಆಗಿತ್ತು," ಅಂದಳು. "ನನ್ನ ಕಿವೀನೇ ಸುಳ್ಳು ಅಂದ್ಕೊಂಡಿದ್ದೆ."

ಸುರಪುರದಿಂದ ನಸೀರುದ್ದೀನರನ್ನು ಕರೆಸಿದೆವು. ಪೇಟಿ ರಿಪೇರಿಯವರು. ಇವರ ಹಳೆಯ ಸ್ನೇಹಿತರು. ಬಂದವರು ಮೊದಲು ಇವರ ಫೋಟೊ ಮುಂದೆ ನಿಂತರು. ಆಮೇಲೆ ಪೇಟಿ ಬಿಚ್ಚಿದರು. ಒಳಗೆ ಸ್ವರ ಹೊರಡಿಸುವ ಹಿತ್ತಾಳೆಯ ನಾಲಿಗೆಗಳನ್ನು ತೋರಿಸಿದರು. ಒಂದೊಂದರ ಬುಡದಲ್ಲೂ ಕೆರೆದ ಗುರುತು.

"ನೋಡ್ರಿ ಭಾಬಿ. ಬುಡಕ್ಕ ಕೆರದ್ರ ಸ್ವರ ಕೆಳಗ ಇಳೀತದ. ಇದು ಕಂಪನಿ ಕೆಲಸ, ಆ ಕಾಲದಾಗ ಅವರ ಬಾಯಿಂದನೇ ಕೇಳೀನಿ. ಕಂಪನಿ ರಾಜಾಪಾರ್ಟಿನವ್ರಿಗಿ ವಯಸ್ಸಾತು, ಧ್ವನಿ ಏರವಲ್ದು. ಆದ್ರ ಅವ್ರು ಎರಡನೇ ಕರಿ ಮನಿ ಬಿಟ್ಟು ಹಾಡಾಕ ಒಪ್ಪವಲ್ರು. ಮಾನದ ಪ್ರಶ್ನಿ. ಪೇಟಿ ಮಾಸ್ತರ ಏನ್ ಮಾಡಿದ್ರು? ಸುಮ್ಮ ಕುಂತು ಪೇಟೀನೇ ಇಳಿಸಿಬಿಟ್ರು. ರಾಜಾ ಎರಡನೇ ಕರಿ ಮನ್ಯಾಗೇ ಹಾಡಿದೆ ಅಂತ ಮೀಸಿ ತಿರುವಿದ. ಜನಾ ಚಪ್ಪಾಳಿ ಹೊಡದ್ರು."

ಶಾಂಭವಿ ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು. ಮುದಿ ರಾಜನೊಬ್ಬನ ಗಂಟಲಿನ ಅಳತೆಗೆ ನಮ್ಮ ಊರಿನ ಮಕ್ಕಳೆಲ್ಲ ಹಾಡು ಕಲಿತಿದ್ದರು.

"ಇವರಿಗಿ ಗೊತ್ತಿತ್ತೇನ್ರಿ?" ಎಂದು ಕೇಳಿದೆ.

"ಗೊತ್ತಿತ್ತು. ನಾನೇ ಹೇಳಿದ್ದೆ, ಎತ್ತರಸ್ತೀನಿ ಅಂತ. 'ಬ್ಯಾಡೋ ನಸೀರ, ಗುರು ಕೈ ಆಡಿಸಿದ್ದು. ನಾ ಹೊತ್ತಕೊಂಡು ತಿರುಗ್ತೀನಿ ಬಿಡು' ಅಂದಿದ್ರು."

ಹೊತ್ತುಕೊಂಡು ತಿರುಗಿದರು. ಹೆಗಲಿಗೆ ಬಾವು ಬಂದರೂ ತಿರುಗಿದರು. ಅರಿಸಿನೆಣ್ಣೆ ಹಚ್ಚಿದ್ದು ನಾನು. ಒಂದು ಮಾತು ನನಗೆ ಹೇಳಲಿಲ್ಲ.

"ಎತ್ತರಿಸೋಣ್ರಿ ಅಕ್ಕಾರ," ಅಂದಳು ಶಾಂಭವಿ.

"ಬ್ಯಾಡ," ಅಂದೆ.

"ಇಲ್ಲಾಂದ್ರ ಹೊಸಾ ಪೇಟಿ ತರ್ತೀನಿ."

"ಈ ಪಡಸಾಲ್ಯಾಗ ಇನ್ನೊಂದು ಪೇಟಿ ಕೂಡೂದಿಲ್ಲ."

"ಮತ್ತ ಹ್ಯಾಂಗ್ರಿ? ನಮ್ಮ ಮಾಸ್ತರ ತಪ್ಪು ಅಂತ ಅಲ್ಲ. ಇವತ್ತು ಒಬ್ಬಾಕಿ ಅತ್ಲು. ನಾಳಿ ಪರೀಕ್ಷಾದಾಗ ಎಲ್ಲಾರೂ ಅಳ್ತಾರ. ನನಗ ಕಲಸಾಕ ಆಗೂದಿಲ್ಲ."

ಸಿಟ್ಟಿಲ್ಲದೆ ಹೇಳಿದಳು. ಅದೇ ಕಷ್ಟವಾಯಿತು. ಸಿಟ್ಟು ಮಾಡಿದ್ದರೆ ಹೋಗು ಅನ್ನುತ್ತಿದ್ದೆ. ಇವರ ಅಂಗಿ ಒಗೆದು ಮಡಚಿಟ್ಟಿದ್ದೇನೆ, ವಾಸನೆ ಹೋಗಿದೆ. ಫೋಟೊದಲ್ಲಿರುವ ಮುಖ ಸ್ಟುಡಿಯೋದವನು ತಿದ್ದಿದ ಮುಖ. ಉಳಿದದ್ದು ಆ ಸಾ ಒಂದೇ. ಅದನ್ನೂ ಕೆರೆದು ತೆಗೆಯಿರಿ ಎಂದು ನಾನು ಹೇಳಬೇಕಿತ್ತು.

ನಸೀರುದ್ದೀನರು ಪೇಟಿಯನ್ನು ಹಾಗೇ ಮುಚ್ಚಿದರು. "ಭಾಬಿ ಹೇಳಿದಾಗ ಬರ್ತೀನಿ," ಎಂದು ಹೊರಟರು. ಶಾಂಭವಿ ಮುಂದಿನ ಶನಿವಾರ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಮಕ್ಕಳು ಬಾಗಿಲ ತನಕ ಬಂದು ಚಪ್ಪಲಿ ಬಿಡದೆ ಹೋದರು.

ಒಂದು ದಿನ ಖುರ್ಷೀದಬೇಗಂ ಮಗಳನ್ನು ಎಳೆದುಕೊಂಡು ಬಂದಳು.

"ಅಕ್ಕಾ, ಇಕಿ ಹಾಡೂದೇ ಬಿಟ್ಟಾಳ. ಮನ್ಯಾಗ ಗುನುಗೂದೂ ಇಲ್ಲ. ಹೇಳಿ ಹೇಳಿ ನನ್ನ ಬಾಯಿ ಸೋತು ಹೋತು, ಇಕಿ ಬಾಯಿ ಬಿಚ್ಚೂದಿಲ್ಲ. ನೀವಾರ ಹೇಳ್ರಿ."

ಹುಡುಗಿ ಮಷಿನಿನ ಕಾಲಿಗೆ ಒರಗಿ ನಿಂತಿದ್ದಳು. ನಾನು ಪೇಟಿಯ ಹತ್ತಿರ ಕೂರಿಸಿಕೊಂಡೆ.

"ಸಾ ಅನ್ನು."

ಅನ್ನಲಿಲ್ಲ. ಮತ್ತೆ ಕೇಳಿದೆ. ಪೇಟಿ ಮುಟ್ಟದೆ, ಕಣ್ಣು ಮುಚ್ಚಿ ಸಣ್ಣಗೆ ಅಂದಳು. ನಾನು ಒಂದು ಕೈಯಿಂದ ಗಾಳಿ ಹಾಕಿ ಆ ಕರಿ ಮನೆ ಒತ್ತಿದೆ. ನಾನು ಪೇಟಿ ಒತ್ತಿದ್ದು ಅದೇ ಮೊದಲು. ಎರಡೂ ಕೂದಲೆಳೆ ಸರಿಯದೆ ಕೂತವು. ಇವರ ಸಾ ಪೇಟಿಯಲ್ಲಿ ಅಷ್ಟೇ ಅಲ್ಲ, ಈ ಹುಡುಗಿಯ ಗಂಟಲಲ್ಲಿ ಇತ್ತು. ನನಗೆ ಎಷ್ಟು ಸಂತೋಷವಾಯಿತೆಂದರೆ ಅವಳ ತಲೆ ಸವರಬೇಕೆಂದು ಕೈ ಎತ್ತಿದೆ.

ಅವಳು ಕಣ್ಣು ತೆರೆದು ಕೇಳಿದಳು, "ಅಮ್ಮಾ, ನಂದು ತಪ್ಪಾ?"

ಕೈ ಹಾಗೇ ನಿಂತಿತು.

ಮಾಸ್ತರರು ಕಲಿಸಿದ್ದನ್ನು ಕಲಿಸಿದ ಹಾಗೇ ಹಾಡಿದ್ದಳು. ಎಲ್ಲರ ಮುಂದೆ ನಗೆಗೀಡಾದಳು. ಈಗ ತಪ್ಪು ತನ್ನದೇ ಎಂದು ಬಾಯಿ ಮುಚ್ಚಿ ಕೂತಿದ್ದಾಳೆ. ಇವರಿದ್ದಿದ್ದರೆ ಪೇಟಿ ಹೊತ್ತು ಇವಳ ಜೊತೆ ಹೋಗುತ್ತಿದ್ದರು. ನಾನು ಎಲ್ಲಿಗೆ ಹೊರಲಿ?

"ನಿಂದಲ್ಲವ್ವಾ," ಅಂದೆ. "ಪೇಟೀದು ತಪ್ಪು."

ಇವರ ಫೋಟೊ ಮುಂದೆಯೇ ಅಂದೆ. ಅಂದ ಮೇಲೆ ಆ ಕಡೆ ನೋಡಲಿಲ್ಲ. ಖುರ್ಷೀದಬೇಗಂ ಕಡೆ ತಿರುಗಿ, "ನಿನ್ನ ಫೋನ್ ತಗಿ, ಸುರಪುರಕ್ಕ ಹಚ್ಚು," ಅಂದೆ.

ನಸೀರುದ್ದೀನರು ಮರುದಿನ ಬೆಳಗ್ಗೆ ಬಂದು ಪಡಸಾಲೆಯಲ್ಲಿ ಕೂತರು. ಒಂದೊಂದೇ ನಾಲಿಗೆ ತೆಗೆದು, ಈ ಸಲ ತುದಿ ಕೆರೆದರು. ಕೆರೆಯುವುದು, ಊದಿ ನೋಡುವುದು, ಮತ್ತೆ ಕೆರೆಯುವುದು. ಬಿಳಿ ಬಟ್ಟೆಯ ಮೇಲೆ ಹಿತ್ತಾಳೆಯ ಪುಡಿ ಬಿತ್ತು. ನಾನು ಒಳಗೇ ಇದ್ದೆ. ಕೇಳಬಾರದೆಂದು ಬೇಳೆ ಕುಟ್ಟಿದೆ. ಕುಟ್ಟುವ ಬೇಳೆ ಇರಲಿಲ್ಲ, ಕುಟ್ಟಿದ್ದನ್ನೇ ಕುಟ್ಟಿದೆ.

ಶನಿವಾರ ಶಾಂಭವಿ ಬಂದಳು. ಮಕ್ಕಳು ಚಪ್ಪಲಿ ಬಿಟ್ಟರು. ಸಾ ಅಂದರು. ಪಕ್ಕದ ಮನೆಯಲ್ಲಿ ಯಾರೋ ಪೇಟಿ ಬಾರಿಸುತ್ತಿದ್ದಾರೆ ಎನಿಸಿತು. ಎದ್ದು ಬಂದು ಬಾಗಿಲಲ್ಲಿ ನೋಡಿದೆ. ನಮ್ಮ ಮನೆಯೇ.

ಉಳಿದ ಮಕ್ಕಳು ಬೇಗ ಹೊಂದಿಕೊಂಡರು. ಫಿರ್ದೌಸ್‌ಗೆ ಆಗಲಿಲ್ಲ. ಹೊಸ ಸಾ ಹಿಡಿಯುವಳು, ಹಾಡುತ್ತ ಹಾಡುತ್ತ ಮೈಮರೆತು ಹಳೆಯದಕ್ಕೆ ಇಳಿಯುವಳು.

"ಜಾರಿದಿ ನೋಡು, ಮ್ಯಾಲ ಬಾ," ಎಂದು ಶಾಂಭವಿ ಕೂಗುವಳು.

ನಾನು ಅದಕ್ಕೇ ಕಾಯುತ್ತಿದ್ದೆ. ಅವಳು ಜಾರಿದಾಗ ನನ್ನ ಕೈ ಹಿಟ್ಟಿನಲ್ಲಿ ನಿಲ್ಲುತ್ತಿತ್ತು. ಅಷ್ಟು ಹೊತ್ತು ಇವರು ಮನೆಗೆ ಬಂದು ಹೋದ ಹಾಗೆ. ಒಮ್ಮೊಮ್ಮೆ ಎರಡು ಸಲ ಜಾರುತ್ತಿದ್ದಳು. ಅವತ್ತು ನನಗೆ ಹಬ್ಬ.

ಮೊನ್ನೆ ಐತವಾರ ಪೂರ್ತಿ ಹಾಡಿದಳು. ನಾನು ಕಾದೆ. ಎತ್ತರಕ್ಕೆ ಹೋದಳು, ಇಳಿದಳು, ತಿರುಗಿ ಹೊಸ ಸಾದಲ್ಲೇ ಬಂದು ನಿಂತಳು. ಜಾರಲಿಲ್ಲ.

"ಈಗ ಬಂತು ನೋಡವ್ವಾ!" ಎಂದು ಶಾಂಭವಿ ಚಪ್ಪಾಳೆ ಹೊಡೆದಳು. ಮಕ್ಕಳೂ ಹೊಡೆದರು. ಹುಡುಗಿ ಓಡಿ ಒಳಗೆ ಬಂದಳು.

"ಅಮ್ಮಾ, ಕೇಳಿದ್ರಿ?"

"ಕೇಳಿದೆ," ಅಂದೆ. ಹಂಚಿನ ಮೇಲಿನ ರೊಟ್ಟಿ ತೆಗೆದು ಅವಳ ಕೈಗೆ ಕೊಟ್ಟೆ.