ನೀರು ತಾಗದ ಬೂಟು

ಜೀವನದಲ್ಲಿ ನಾನು ಒಂದು ಬಾತುಕೋಳಿಯನ್ನೂ ಹೊಡೆದವನಲ್ಲ. ಬಂದೂಕನ್ನು ಹತ್ತಿರದಿಂದ ನೋಡಿದ್ದು ಮೈಸೂರಿನ ಬ್ಯಾಂಕೊಂದರ ಬಾಗಿಲಲ್ಲಿ, ಅದೂ ಅದನ್ನು ಹಿಡಿದವರು ಸ್ಟೂಲಿನ ಮೇಲೆ ತೂಕಡಿಸುತ್ತಿದ್ದಾಗ. ಸೊಳ್ಳೆಯ ಜೊತೆ ಯುದ್ಧಕ್ಕಿಳಿದರೂ ಹೆಚ್ಚಿನ ಸಲ ಸೊಳ್ಳೆಯೇ ಗೆಲ್ಲುತ್ತದೆ. ಇಂಥ ನಾನು ಸುಮಾರು ಎರಡು ವರ್ಷ ಅಮೆರಿಕದ ಬೇಟೆಗಾರರಿಗೆ ಯಾವ ಜಾಕೆಟ್ಟಿನೊಳಗೆ ಕೂತರೆ ಜಿಂಕೆಗೆ ಕಾಣುವುದಿಲ್ಲ, ಯಾವ ಪೀಪಿ ಊದಿದರೆ ಬಾತುಕೋಳಿ ಆಕಾಶದಿಂದ ಇಳಿದು ಬರುತ್ತದೆ, ಯಾವ ಬೂಟಿನೊಳಗೆ ನೀರು ನುಗ್ಗುವುದಿಲ್ಲ ಎಂದೆಲ್ಲ ಹೇಳಿಕೊಟ್ಟಿದ್ದೇನೆ ಎಂದರೆ ನೀವು ನಂಬಲಿಕ್ಕಿಲ್ಲ. ಅವರು ನಂಬಿದರು. ತೊಂದರೆಯಾಗಿದ್ದು ಅಲ್ಲಿಯೇ.

ನಾಯಿಯ ಬಿಸ್ಕತ್ತಿನಿಂದ ಹಿಡಿದು ಮದುವೆಯ ಉಂಗುರದವರೆಗೆ ಎಲ್ಲವನ್ನೂ ಇಂಟರ್ನೆಟ್ಟಿನಲ್ಲಿ ಮಾರಲು ಜನ ಹೊರಟಿದ್ದ ಕಾಲ ಅದು. ಅಮೆರಿಕದ ಪಶ್ಚಿಮ ಕರಾವಳಿಯ ನೆವಾರ್ಕ್ ಎಂಬ ಊರಿನ ಒಂದು ಗೋದಾಮಿನ ಮಹಡಿಯ ಮೇಲೆ ನಮ್ಮ ಕಂಪನಿ. ಕೆಳಗೆ ಡೇರೆ, ಟಾರ್ಚು, ಬೂಟು, ಬೆನ್ನುಚೀಲಗಳ ರಾಶಿ. ಮೇಲೆ ನಾವು ಹತ್ತು ಹನ್ನೊಂದು ಮಂದಿ, ಎಲ್ಲರೂ ಕಾಡು ಎಂದರೆ ಕಂಪ್ಯೂಟರಿನ ಪರದೆಯ ಮೇಲಿನ ಚಿತ್ರ ಎಂದುಕೊಂಡವರು. ನನ್ನದು ಡೇಟಾಬೇಸಿನ ಕೆಲಸ. ಸಾಮಾನುಗಳ ಬಗ್ಗೆ ನಾಲ್ಕು ಸಾಲು ಬರೆಯಲು ಬೇರೆ ಒಬ್ಬಳಿದ್ದಳು. ಒಂದು ಶುಕ್ರವಾರ ಅವಳು ಬಿಟ್ಟುಹೋದಳು. ಆಗೆಲ್ಲ ಹಾಗೆಯೇ, ಕಾಫಿ ತರುತ್ತೇನೆಂದು ಎದ್ದು ಹೋದವರು ಬೇರೆ ಕಂಪನಿಯಲ್ಲಿ ಕುರ್ಚಿ ಹಿಡಿದಿರುತ್ತಿದ್ದರು. ನಮ್ಮ ಮಾಲೀಕ ಕೀತ್ ಸುತ್ತಲೂ ನೋಡಿ ನನ್ನ ಬಳಿ ಬಂದು, "ನೀನು ಕವಿ ಅಲ್ವಾ?" ಎಂದ. ಕನ್ನಡದಲ್ಲಿ ಒಂದೆರಡು ಪದ್ಯ ಗೀಚಿದ್ದೇನೆಂದು ಯಾವಾಗಲೋ ಊಟದ ಹೊತ್ತಿನಲ್ಲಿ ಜಂಬ ಕೊಚ್ಚಿಕೊಂಡಿದ್ದೆ. ಅದರ ಫಲ ಹೀಗೆ ಕೈಗೆ ಬಂತು.

ನನ್ನ ಮೇಜಿಗೆ ಸಾಮಾನು ಬರುತ್ತಿರಲಿಲ್ಲ, ಅದನ್ನು ತಯಾರಿಸಿದವರ ಒಂದು ಚೀಟಿ ಬರುತ್ತಿತ್ತು. ಚೀಟಿಯಲ್ಲಿ ಮೂರು ಸಾಲು. "ಇದಕ್ಕೆ ಸ್ವಲ್ಪ ಫೀಲಿಂಗು ಹಾಕು" ಎನ್ನುತ್ತಿದ್ದ ಕೀತ್. ಹಾಕಿದೆ. ಇದರಲ್ಲಿ ನನ್ನ ತಪ್ಪು ಎಷ್ಟು, ನಮ್ಮ ಸಾಹಿತ್ಯದ ತಪ್ಪು ಎಷ್ಟು ಎಂದು ಈಗಲೂ ಯೋಚಿಸುತ್ತೇನೆ. ಮಹಾಕಾವ್ಯ ಬರೆಯಬೇಕಾದರೆ ಹದಿನೆಂಟು ವರ್ಣನೆಗಳು ಇರಲೇಬೇಕು ಎಂದು ನಮ್ಮ ಹಿಂದಿನವರು ಕಟ್ಟುಮಾಡಿದ್ದರು. ಸಮುದ್ರ ಅದರಲ್ಲೊಂದು. ಊರು ಬಿಟ್ಟು ಕದಲದ ಕವಿಯೂ ಸಮುದ್ರವನ್ನು ತೆರೆ, ಮೊಸಳೆ, ಮುತ್ತು ಸಮೇತ ವರ್ಣಿಸುತ್ತಿದ್ದ. ಓದಿದವರು ಯಾರೂ ಹೋಗಿ ನೀರು ರುಚಿ ನೋಡಿ ಉಪ್ಪು ಕಡಿಮೆಯಿದೆ ಎಂದು ದೂರು ಕೊಡಲಿಲ್ಲ. ಹೈಸ್ಕೂಲಿನಲ್ಲಿ ಅತಿಶಯೋಕ್ತಿ ಅಲಂಕಾರಕ್ಕೆ ಉದಾಹರಣೆ ಕೊಡಿ ಎಂದರೆ ನಾನು ಮೂರು ಕೊಡುತ್ತಿದ್ದೆ. ಆ ವಿದ್ಯೆಯೆಲ್ಲ ಕೊನೆಗೆ ನೆವಾರ್ಕಿನ ಗೋದಾಮಿನಲ್ಲಿ ಉಪಯೋಗಕ್ಕೆ ಬರುತ್ತದೆಂದು ಪಾಪ ನಮ್ಮ ಮೇಷ್ಟ್ರಿಗೆ ಹೇಗೆ ಗೊತ್ತಾಗಬೇಕು?

ಕಾವ್ಯಕ್ಕೂ ಡಾಟ್ ಕಾಮ್‌ಗೂ ಇದ್ದ ವ್ಯತ್ಯಾಸವೆಂದರೆ, ನಮ್ಮಲ್ಲಿ ದೂರು ಬರುತ್ತಿತ್ತು. ಅವೆಲ್ಲ ಒಂದು ಡೇಟಾಬೇಸಿನಲ್ಲಿ ಬಂದು ಬೀಳುತ್ತಿದ್ದರಿಂದ ಅವುಗಳ ಮೊದಲ ಓದುಗನೂ ನಾನೇ. ಪೀಪಿ ಕೊಂಡ ಒಬ್ಬರು ಬರೆದಿದ್ದರು: "ಬೆಳಗಿನಿಂದ ಊದಿದೆ. ಬಾತುಕೋಳಿ ಬರಲಿಲ್ಲ. ನನ್ನ ನಾಯಿ ಮಾತ್ರ ಎದ್ದು ಕಾರಿನೊಳಗೆ ಹೋಗಿ ಕೂತಿತು." ಎಲೆ ಬಣ್ಣದ ಜಾಕೆಟ್ಟಿನ ಬಗ್ಗೆ, ಇದನ್ನು ತೊಟ್ಟರೆ ನೀವು ಮರವೇ ಆಗಿಬಿಡುತ್ತೀರಿ ಎಂದು ಬರೆದಿದ್ದೆ. "ಸೆಕೆಯಾಯಿತೆಂದು ಬಿಚ್ಚಿ ಪೊದೆಯ ಮೇಲಿಟ್ಟೆ. ಇವತ್ತಿನವರೆಗೂ ಸಿಕ್ಕಿಲ್ಲ. ಆ ಮಟ್ಟಿಗೆ ನೀವು ಹೇಳಿದ್ದು ನಿಜ" ಎಂದು ಇನ್ನೊಬ್ಬರು ಉತ್ತರಿಸಿದ್ದರು. ಬೂಟಿನ ಬಗ್ಗೆಯೂ ಎರಡು ದೂರು ಬಂದಿದ್ದವು. ಅದರೊಳಗೆ ಮೀನು ಸಾಕಬಹುದು ಎಂಬುದು ಎರಡರ ಸಾರಾಂಶ. ನಾನು ಓದುತ್ತಿದ್ದೆ, ನಗುತ್ತಿದ್ದೆ, ಕೀತ್‌ಗೆ ಕಳಿಸಿ ಸುಮ್ಮನಾಗುತ್ತಿದ್ದೆ. ಮುಖ ಕಾಣದವರ ಕಾಲು ಒದ್ದೆಯಾದರೆ ನಮಗೆ ನೆಗಡಿಯಾಗುವುದಿಲ್ಲವಲ್ಲ.

ಈಗ ನನ್ನ ಹೆಂಡತಿಯ ವಿಷಯಕ್ಕೆ ಬರಬೇಕು. ಶೋಭಾ ಹಾಸನದವಳು. ಊರಿನಲ್ಲಿ ಕಾಲೇಜಿನ ಹುಡುಗಿಯರಿಗೆ ಜೀವಶಾಸ್ತ್ರ ಪಾಠ ಹೇಳುತ್ತಿದ್ದವಳು. ನೆವಾರ್ಕಿನ ಪಕ್ಕದ ಫ್ರೀಮಾಂಟಿನ ಅಪಾರ್ಟ್‌ಮೆಂಟಿಗೆ ಬಂದಮೇಲೆ ನನ್ನ ವೀಸಾದ ಬಾಲವಾಗಿದ್ದಳು. ಬಾಲ ಕೆಲಸ ಮಾಡುವಂತಿಲ್ಲ ಎಂಬುದು ಸರ್ಕಾರದ ನಿಯಮ. ಕಾರು ಒಂದೇ, ಅದು ನನ್ನ ಜೊತೆ ಆಫೀಸಿಗೆ ಹೋಗುತ್ತಿತ್ತು. ಹುಳಿ, ಸಾರು, ಪಲ್ಯ ಎಲ್ಲ ಮುಗಿದ ಮೇಲೆ ದಿನದಲ್ಲಿ ಇನ್ನೂ ಏಳೆಂಟು ಗಂಟೆ ಉಳಿಯುತ್ತಿದ್ದವು. ಅವಳು ಒಂದು ದಿನವೂ ದೂರಲಿಲ್ಲ. ಅದು ನನಗೆ ಅನುಕೂಲವಾಗಿತ್ತು, ನಾನೂ ಕೇಳಲಿಲ್ಲ.

ಲೈಬ್ರರಿಯಲ್ಲಿ ಅಂಟಿಸಿದ್ದ ಕಾಗದ ನೋಡಿ ಅವಳು ಹಕ್ಕಿ ನೋಡುವವರ ಒಂದು ಗುಂಪಿಗೆ ಸೇರಿದಳು. ಕೊಲ್ಲಿಯ ದಡದ ಜೌಗಿನಲ್ಲಿ ಶನಿವಾರ ಬೆಳಿಗ್ಗೆ ನಡೆಯುವವರು ಅವರು. ಡಾಟಿ ಎಂಬ ಎಪ್ಪತ್ತು ದಾಟಿದ ಮಾಜಿ ಟೀಚರಮ್ಮ ಅವರ ನಾಯಕಿ. ಆ ಚಳಿಗಾಲದಲ್ಲಿ, ವರ್ಷಕ್ಕೊಮ್ಮೆ ಎಲ್ಲರೂ ಒಂದೊಂದು ಜಾಗ ಹಂಚಿಕೊಂಡು ಹಕ್ಕಿ ಎಣಿಸುವ ದಿನ ಹತ್ತಿರ ಬಂದಾಗ ಡಾಟಿ ನಕ್ಷೆಯ ಮೇಲೆ ಒಂದು ಉಪ್ಪುನೀರಿನ ಕೊಳದ ಸುತ್ತ ಗೆರೆ ಎಳೆದು, "ಶೋಬಾ, ಈ ಕೊಳ ನಿನ್ನದು" ಎಂದರಂತೆ. ಮನೆಗೆ ಬಂದವಳು ಅದನ್ನು ನನಗೆ ಮೂರು ಸಲ ಹೇಳಿದಳು. ಆ ದೇಶದಲ್ಲಿ ಯಾರಾದರೂ ಅವಳಿಗೆ ನಿನ್ನದು ಎಂದು ತೋರಿಸಿದ ಮೊದಲ ವಸ್ತು ಅದು ಎಂದು ಆಗ ನನಗೆ ಹೊಳೆಯಲಿಲ್ಲ.

ಮರುವಾರ ಮನೆಗೆ ಒಂದು ಡಬ್ಬ ಬಂತು, ನಮ್ಮ ಕಂಪನಿಯದೇ. ಒಳಗೆ ಬೇಟೆಗಾರರ ಬೂಟು. ದೊಡ್ಡವರ ಅಳತೆ ಅವಳ ಕಾಲಿಗೆ ಆಗುವುದಿಲ್ಲವೆಂದು ಹುಡುಗರ ಅಳತೆಯದನ್ನು ತರಿಸಿದ್ದಳು.

"ನಿಮ್ಮ ಸೈಟಲ್ಲೇ ತಗೊಂಡೆ ರೀ. ಎಷ್ಟು ಚೆನ್ನಾಗಿ ಬರ್ದಿದ್ದಾರೆ ಗೊತ್ತಾ ಇದರ ಬಗ್ಗೆ? ಕೇಳಿ" ಎಂದು ಪ್ರಿಂಟು ತೆಗೆದಿಟ್ಟುಕೊಂಡಿದ್ದ ಹಾಳೆಯನ್ನು ಓದತೊಡಗಿದಳು. ಇಂಗ್ಲಿಷಿನಲ್ಲಿ ಓದಿ, ಒಂದು ವಾಕ್ಯವನ್ನು ಮಾತ್ರ ಕನ್ನಡಕ್ಕೆ ತಂದು ಇನ್ನೊಮ್ಮೆ ಹೇಳಿದಳು: "ನೆಲ ತಣ್ಣಗಿದೆ ಅಂತ ನಿಮ್ಮ ಪಾದಕ್ಕೆ ಗೊತ್ತೇ ಆಗಲ್ಲ." ಹೇಳಿ ನನ್ನ ಮುಖ ನೋಡಿದಳು. "ಬರೆದವರಿಗೆ ಮನಸ್ಸಿದೆ ಅಲ್ವಾ?"

ನನ್ನ ಪದ್ಯಗಳನ್ನು ಓದಿ ಶೋಭಾ ಇದುವರೆಗೆ ಹೇಳಿದ್ದೆಂದರೆ "ಅಕ್ಷರ ದುಂಡಗಿದೆ" ಎಂದು ಮಾತ್ರ. ನನ್ನ ಬರವಣಿಗೆಯನ್ನು ಅವಳು ಮೊದಲ ಬಾರಿ ಹೊಗಳುತ್ತಿದ್ದಾಳೆ, ಅದೂ ನನ್ನೆದುರಿಗೆ, ನನ್ನದೆಂದು ತಿಳಿಯದೆ! ಆ ಸುಖ ಎಂಥದೆಂದು ನಾಲ್ಕು ಸಾಲು ಬರೆದವರಿಗೆಲ್ಲ ಗೊತ್ತು. ಅದನ್ನು ಬರೆದವನು ನಾನೇ, ಆದರೆ ಆ ಬೂಟಿನೊಳಗೆ ನೀರು ಬರುತ್ತದೆ ಎಂದು ಅಲ್ಲಿಯೇ ಹೇಳಬೇಕಿತ್ತು. ಮೊದಲರ್ಧ ಹೇಳಿದರೆ ಎರಡನೆಯರ್ಧವನ್ನೂ ಹೇಳಬೇಕಾಗುತ್ತದೆ. ಎರಡು ದೂರು ಬಂದರೇನಂತೆ, ಇವಳ ಜೋಡಿ ಸರಿಯಿರಬಹುದು, ಆ ದಿನ ಮಳೆ ಬರದೆ ಇರಬಹುದು ಎಂದು ನನಗೆ ನಾನೇ ವಕೀಲನಾದೆ. "ಹೂಂ, ಚೆನ್ನಾಗಿದೆ" ಎಂದೆ. ಹಾಗೆಂದು ಕಾಫಿ ಕುಡಿದೆ.

ಎಣಿಕೆಯ ಬೆಳಿಗ್ಗೆ ಮಳೆ ಬರಲಿಲ್ಲ, ಅದರ ಅಗತ್ಯವೂ ಇರಲಿಲ್ಲ. ಹಿಂದಿನ ದಿನದ ನೀರು ದಾರಿಯ ತುಂಬ ನಿಂತಿತ್ತು. ನಾನು ಅವಳನ್ನು ಇಳಿಸಿ, ಹೀಟರು ಹಾಕಿಕೊಂಡು ಕಾರಿನಲ್ಲೇ ಕೂತೆ. ಅವಳು ಕೊಳದ ಅಂಚಿನಲ್ಲಿ ದುರ್ಬೀನು ಹಿಡಿದು ನಿಂತಳು. ಅರ್ಧ ಗಂಟೆ ಕಲ್ಲಿನ ಹಾಗೆ ನಿಂತವಳು ಆಮೇಲೆ ಎಡಗಾಲು ಎತ್ತಿ ಇಟ್ಟಳು. ಸ್ವಲ್ಪ ಹೊತ್ತಿಗೆ ಬಲಗಾಲು. ಆಮೇಲೆ ಎರಡನ್ನೂ ಬದಲಿಸಿ ಬದಲಿಸಿ. ನನ್ನ ಕೈಯಲ್ಲಿದ್ದ ಕಾಫಿಯನ್ನು ಕೆಳಗಿಟ್ಟೆ. ಕಾರಿನಿಂದ ಇಳಿದು ಅವಳ ಬಳಿಗೆ ಹೋದೆ. ಹೋಗುವಷ್ಟರಲ್ಲಿ ನನ್ನ ಶೂ ಕೂಡ ಒದ್ದೆಯಾಗಿ ಕಾಲು ಜೋಮು ಹಿಡಿಯಿತು.

"ನೀರು ಬಂತಾ ಒಳಗೆ?"

"ಬಂತು. ಮಾತಾಡಬೇಡಿ, ಎಣಿಕೆ ತಪ್ಪುತ್ತೆ."

"ಸಾಕು ಬಾ ಶೋಭಾ, ಜ್ವರ ಬರುತ್ತೆ. ಡಾಟಿಗೆ ನಾನು ಹೇಳ್ತೀನಿ."

ಅವಳು ದುರ್ಬೀನು ಇಳಿಸಲಿಲ್ಲ. "ಇದು ನನ್ನ ಕೊಳ ರೀ. ಬಿಟ್ಟು ಹೇಗೆ ಬರ್ಲಿ?" ಎಂದಳು.

ಇನ್ನೂ ಎರಡು ಗಂಟೆ ನಿಂತಳು. ಹಾಳೆಯ ಮೇಲೆ ಸಣ್ಣ ಗೆರೆಗಳ ಸಾಲು ಬೆಳೆಯುತ್ತಲೇ ಹೋಯಿತು. ಕೊನೆಯ ಸಾಲುಗಳು ಚಳಿಗೆ ನಡುಗಿ ಸೊಟ್ಟಗಾಗಿದ್ದವು. ಅದನ್ನು ಡಾಟಿಯ ಕೈಗೆ ಕೊಟ್ಟ ಮೇಲೆಯೇ ಕಾರು ಹತ್ತಿದ್ದು.

ಮನೆಯಲ್ಲಿ ಬಕೆಟ್ಟಿಗೆ ಬಿಸಿನೀರು, ಉಪ್ಪು ಹಾಕಿ ಕಾಲು ಇಳಿಬಿಡಲು ಹೇಳಿದೆ. ಅವಳ ಪಾದ ಬೆಳ್ಳಗಾಗಿ ಸುಕ್ಕುಗಟ್ಟಿತ್ತು. ನನಗೆ ಬಹಳ ನಾಚಿಕೆಯಾಯಿತು. ಎಲ್ಲಿಂದ ಶುರುಮಾಡುವುದೆಂದು ತಿಳಿಯದೆ ನೆಲದ ಮೇಲೆ ಕೂತು, "ಆ ಬೂಟಿನ ಬಗ್ಗೆ ಬರೆದಿದ್ದು ನಾನೇ" ಎಂದೆ.

"ಗೊತ್ತು" ಎಂದಳು.

"ಯಾವಾಗಿಂದ?"

"ಓದಿದ ಕೂಡ್ಲೆ. ಮದುವೆಗೆ ಮುಂಚೆ ಹಾಸನಕ್ಕೆ ನೀವು ಬರೆದ ಕಾಗದದಲ್ಲಿ ಇದೇ ಇತ್ತಲ್ಲ. ಇಲ್ಲಿ ನೆಲ ತಣ್ಣಗಿರುತ್ತೆ, ನಿನ್ನ ಪಾದಕ್ಕೆ ಅದು ಗೊತ್ತಾಗದ ಹಾಗೆ ನೋಡ್ಕೋತೀನಿ ಅಂತ. ನಮ್ಮಮ್ಮ ಆ ಸಾಲನ್ನ ಅತ್ತೆಯರಿಗೆಲ್ಲ ಓದಿ ತೋರಿಸಿದ್ರು."

ನಾನು ಮರೆತೇಬಿಟ್ಟಿದ್ದೆ! ಹೆಂಡತಿಯಾಗುವವಳಿಗೆ ಒಂದು ಸಲ ಕೊಟ್ಟ ಮಾತನ್ನು ಧೂಳು ಒರೆಸಿ ಬೂಟಿಗೆ ಕೊಟ್ಟಿದ್ದೆ. ಕವಿಗಳ ಬಂಡವಾಳ ಚಿಕ್ಕದು, ಒಂದೇ ಸಾಲು ಎಷ್ಟು ಕಡೆಯೆಲ್ಲ ದುಡಿಯಬೇಕೋ.

"ಗೊತ್ತಿದ್ದೂ ಯಾಕೆ ತರಿಸಿದೆ?" ಎಂದು ಕೇಳಿದೆ.

"ನೀವು ಬರೆದಿದ್ದು ಅಂತಲೇ ತರಿಸಿದ್ದು. ಬೇರೆಯವರು ಬರೆದಿದ್ರೆ ನಾಲ್ಕು ಅಂಗಡಿ ನೋಡಿರ್ತಿದ್ದೆ." ಅವಳು ಕಾಲನ್ನು ನೀರಿನಲ್ಲಿ ಮೆಲ್ಲಗೆ ಆಡಿಸಿದಳು. "ನಿಮ್ಮೆದುರಿಗೇ ಓದಿದೆ. ನೀರು ಬರೋ ಹಾಗಿದ್ರೆ ಬಾಯಿಬಿಡ್ತೀರಿ ಅಂದ್ಕೊಂಡೆ. ನೀವು ಚೆನ್ನಾಗಿದೆ ಅಂದ್ರಿ."

ಜಗಳವಾಡಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಜಗಳವಾಡಲಿಲ್ಲ, ಬಿಸಿನೀರು ಆರಿದೆ, ಇನ್ನೊಂದು ಚೆಂಬು ಹಾಕಿ ಎಂದಳು.

ಸೋಮವಾರ ಆಫೀಸಿಗೆ ಹೋದವನೇ ಆ ಸಾಲನ್ನು ಅಳಿಸಿದೆ. ಅದರ ಜಾಗದಲ್ಲಿ, "ಒದ್ದೆ ನೆಲದಲ್ಲಿ ಅರ್ಧ ಗಂಟೆ ತಡೆಯುತ್ತದೆ. ಆಮೇಲೆ ನೀರು ಬರುತ್ತದೆ" ಎಂದು ಬರೆದೆ. ಎರಡು ದಿನ ಅದು ಹಾಗೆಯೇ ಇತ್ತು. ಮೂರನೆಯ ದಿನ ಕೀತ್ ನೋಡಿ, "ಇದರಲ್ಲಿ ಫೀಲಿಂಗು ಎಲ್ಲಿ?" ಎಂದು ಕೇಳಿದ. ಅದೆಲ್ಲ ಫೀಲಿಂಗೇ ಎಂದು ಅವನಿಗೆ ವಿವರಿಸಲು ನನ್ನಿಂದಾಗಲಿಲ್ಲ. ವರ್ಣನೆಯ ಕೆಲಸ ಬೇರೆಯವರ ಮೇಜಿಗೆ ಹೋಯಿತು. ಕೆಲವು ತಿಂಗಳಲ್ಲಿ ಕಂಪನಿಯೂ ಮುಚ್ಚಿತು. ನನ್ನ ಸತ್ಯದ ಭಾರಕ್ಕೆ ಮುಳುಗಿತು ಎಂದು ಹೇಳಿಕೊಳ್ಳಲು ಆಸೆಯೇನೋ ಇದೆ. ಆದರೆ ಆ ವರ್ಷ ಅಕ್ಕಪಕ್ಕದವರೆಲ್ಲ ಮುಳುಗುತ್ತಿದ್ದರು, ನಾವು ಗುಂಪಿನಲ್ಲಿ ಹೋದೆವು.

ಮುಂದಿನ ಚಳಿಗಾಲಕ್ಕೆ ನಾನು ಬೇರೆ ಕೆಲಸದಲ್ಲಿದ್ದೆ. ಶೋಭಾ ಆ ಬೂಟನ್ನು ಎಸೆದಿರಲಿಲ್ಲ. ಹೊಸದು ತರೋಣವೆಂದರೆ, "ಬೇಡ, ಇದು ಎಷ್ಟು ಹೊತ್ತಿಗೆ ಕೈಕೊಡುತ್ತೆ ಅಂತಾದ್ರೂ ಗೊತ್ತಿದೆ" ಎಂದಳು. ನನ್ನನ್ನೂ ಇಟ್ಟುಕೊಂಡಿದ್ದು ಇದೇ ಕಾರಣಕ್ಕೋ ಏನೋ, ಕೇಳುವ ಧೈರ್ಯವಾಗಲಿಲ್ಲ.

ಎಣಿಕೆಯ ದಿನ ಬೆಳಿಗ್ಗೆ ಅವಳನ್ನು ಕುರ್ಚಿಯಲ್ಲಿ ಕೂರಿಸಿ ನಾನು ಕೆಳಗೆ ಕೂತೆ. ಒಂದು ಜೊತೆ ಉಣ್ಣೆಯ ಕಾಲುಚೀಲ. ಅದರ ಮೇಲೆ ಫ್ರೀಮಾಂಟಿನ ಗ್ರೋಸರಿಯಲ್ಲಿ ಬೆಂಡೆಕಾಯಿ ಹಾಕಿಕೊಡುವ ಪ್ಲಾಸ್ಟಿಕ್ ಚೀಲ, ಒಂದೊಂದು ಕಾಲಿಗೆ ಒಂದೊಂದು, ಮೇಲೆ ರಬ್ಬರ್ ಬ್ಯಾಂಡು. ಅದರ ಮೇಲೆ ಇನ್ನೊಂದು ಕಾಲುಚೀಲ, ಆಮೇಲೆ ಬೂಟು. ಹಿಂದಿನ ಸಂಜೆ ನನ್ನ ಕಾಲಿಗೇ ಕಟ್ಟಿಕೊಂಡು, ನೀರು ತುಂಬಿದ ಬಾತ್‌ಟಬ್ಬಿನಲ್ಲಿ ಮುಕ್ಕಾಲು ಗಂಟೆ ನಿಂತು ನೋಡಿದ್ದೆ. ಅದರ ಬಗ್ಗೆ ಎಲ್ಲಿಯೂ ಒಂದು ಸಾಲೂ ಬರೆಯಲಿಲ್ಲ.

ಈ ಸಲ ನಾನು ಕಾರಿನಲ್ಲಿ ಕೂರಲಿಲ್ಲ. ನನ್ನ ಕಾಲಿಗೂ ಬೆಂಡೆಕಾಯಿ ಚೀಲ ಕಟ್ಟಿಕೊಂಡು ಅವಳ ಪಕ್ಕದಲ್ಲಿ ಹಾಳೆ ಹಿಡಿದು ನಿಂತೆ. ಅವಳು ಸಂಖ್ಯೆ ಹೇಳುತ್ತಿದ್ದಳು, ನಾನು ಗೆರೆ ಎಳೆಯುತ್ತಿದ್ದೆ. ಬಾತುಕೋಳಿಗಳು ನಮ್ಮೆದುರಿಗೆ ತಾವಾಗಿಯೇ ಬಂದು ಇಳಿದವು, ಯಾರೂ ಪೀಪಿ ಊದಲಿಲ್ಲ. ಒಂದು ಗಂಟೆ ಕಳೆಯಿತು, ಇನ್ನೊಂದೂ ಕಳೆಯಿತು. ತಡೆಯಲಾರದೆ ಕೇಳಿದೆ:

"ನೆಲ ತಣ್ಣಗಿದೆಯಾ?"

ಅವಳು ದುರ್ಬೀನಿನಿಂದ ಕಣ್ಣು ತೆಗೆಯಲಿಲ್ಲ.

"ಗೊತ್ತಾಗ್ತಿಲ್ಲ" ಎಂದಳು.