ಕ್ಷಿಪಣಿಯ ಒಡಲಲ್ಲಿ ರಬ್ಬರ್ ಅಂಟಿಸಿದವರು

ಪಂಕ್ಚರ್ ಅಂಗಡಿಯಲ್ಲಿ ಸೊಲ್ಯೂಷನ್ ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಒಂದು ವಾಸನೆ ಏಳುತ್ತದೆ. ಸ್ವಲ್ಪ ಸಿಹಿ, ಸ್ವಲ್ಪ ಪೆಟ್ರೋಲು, ಮೂಗಿನ ಹಿಂದೆ ಎಲ್ಲೋ ಹೋಗಿ ಕೂತುಬಿಡುವಂಥದ್ದು. ಕಳೆದ ಗುರುವಾರ ಆಳಂದದಲ್ಲಿ ದರ್ಗಾದ ಹತ್ತಿರ ನನ್ನ ಬೈಕಿನ ಹಿಂದಿನ ಗಾಲಿಯ ಗಾಳಿ ಇಳಿಯಿತು. ಅಂಗಡಿಯವನು ಟ್ಯೂಬು ಉಜ್ಜಿ ಡಬ್ಬಿಗೆ ಬೆರಳು ಅದ್ದಿದ. ಅವನ ಮೊಬೈಲಿನಲ್ಲಿ ಸುದ್ದಿ ಓಡುತ್ತಿತ್ತು. ನಮ್ಮ ದೇಶವೇ ತಯಾರಿಸಿದ ದೂರದ ಕ್ಷಿಪಣಿಯೊಂದು ಮತ್ತೆ ಯಶಸ್ವಿಯಾಗಿ ಹಾರಿತ್ತಂತೆ. “ನೋಡ್ರಿ ಸರ, ಏನ್ ಬೆಂಕಿ ಅದ!” ಎಂದ ಅವನು. ನನಗೆ ನೋಡಲಾಗಲಿಲ್ಲ. ಆ ವಾಸನೆಗೇ ಕಣ್ಣು ತುಂಬಿತ್ತು... ಜೇವರ್ಗಿಯ ಚಾಚಾ ತೀರಿಹೋಗಿ ಎರಡು ವರ್ಷವಾಗಿತ್ತು.

ಆಗ ನಾನು ಜೇವರ್ಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ನನ್ನ ಊರು ಅಫಜಲಪುರದ ಕಡೆಯ ಕರಜಗಿ. ಜೇವರ್ಗಿಯ ಶಾಲೆಯ ಎದುರಿಗೇ ಚಾಚಾನ ಪಂಕ್ಚರ್ ಅಂಗಡಿ. ಅಂಗಡಿ ಎಂದರೆ ನಾಲ್ಕು ಕಂಬ, ಮೇಲೊಂದು ತಗಡು. ಗೋಡೆ ಇರಲಿಲ್ಲ, ಬಾಗಿಲೂ ಇರಲಿಲ್ಲ. ಜೇವರ್ಗಿಯ ಬಿಸಿಲಿನ ಝಳ ನಾಲ್ಕೂ ಕಡೆಯಿಂದ ಹೊಡೆಯುತ್ತಿದ್ದರೂ ಒಂದು ಗೋಣಿತಟ್ಟು ಕಟ್ಟಿಕೊಳ್ಳಲು ಅವರು ಒಪ್ಪುತ್ತಿರಲಿಲ್ಲ. ಬಹಳ ಸಣ್ಣ ಆಳು. ನಮ್ಮ ಎಂಟನೆಯ ಕ್ಲಾಸಿನ ಹುಡುಗರ ಯೂನಿಫಾರ್ಮು ಅವರ ಮೈಗೆ ಸರಿಹೋಗುತ್ತಿತ್ತು. ಟ್ಯೂಬಿಗೆ ಸೊಲ್ಯೂಷನ್ ಹಚ್ಚುವಾಗ ಮಾತ್ರ ಉಸಿರು ಬಿಗಿಹಿಡಿದು ಮುಖ ಅತ್ತ ತಿರುಗಿಸುತ್ತಿದ್ದರು.

“ಇದೇ ವಾಸನಿಯೊಳಗ ಬದುಕಾವ್ರು, ಇದಕ್ಕೇ ಹೆದರಿದ್ರ ಹ್ಯಾಂಗ್ರಿ ಚಾಚಾ?” ಎಂದು ಕಾಡಿಸುತ್ತಿದ್ದೆ. ಅವರು ನಕ್ಕು ಮತ್ತೆ ಟ್ಯೂಬಿಗೆ ಕೈ ಹಚ್ಚುತ್ತಿದ್ದರು. ಹರೆಯದಲ್ಲಿ ಹೈದರಾಬಾದಿನ ಟೈರ್ ಫ್ಯಾಕ್ಟರಿಯಲ್ಲಿ ದುಡಿದವರು ಎಂದಷ್ಟೇ ಊರಿಗೆ ಗೊತ್ತಿತ್ತು. ಅವರ ಹೆಂಡತಿ, ನಾವೆಲ್ಲ ಚಾಚಿ ಎನ್ನುತ್ತಿದ್ದವರು, ಅದನ್ನೇ ಹೇಳುತ್ತಿದ್ದರು.

ನನಗೋ ಕ್ಷಿಪಣಿಯ ಹುಚ್ಚು. ಮೊದಲು ನೆರೆಯ ದೇಶದಷ್ಟು ದೂರ, ಆಮೇಲೆ ಅದರಾಚೆ, ಆಮೇಲೆ ಸಮುದ್ರ ದಾಟಿ... ಒಂದೊಂದು ಪರೀಕ್ಷೆಯಾದಾಗಲೂ ಪೇಪರಿನ ಚಿತ್ರ ಕತ್ತರಿಸಿ ಶಾಲೆಯ ಬೋರ್ಡಿಗೆ ಅಂಟಿಸುತ್ತಿದ್ದೆ. ಹೊರಗಿನವರು ತಂತ್ರಜ್ಞಾನ ಕೊಡುವುದಿಲ್ಲ ಎಂದಾಗ ನಮ್ಮವರೇ ಮಾಡಿ ತೋರಿಸಿದರು ಎಂದು ಮಕ್ಕಳೆದುರು ಎದೆಯುಬ್ಬಿಸುತ್ತಿದ್ದೆ. ಬಿಡುವಿನಲ್ಲಿ ಅದೇ ಪೇಪರು ಹಿಡಿದು ಚಾಚಾನ ಅಂಗಡಿಗೂ ಹೋಗುತ್ತಿದ್ದೆ. ಅವರು ಕೈ ಒರೆಸಿಕೊಂಡು ಚಿತ್ರವನ್ನು ಬಹಳ ಹೊತ್ತು ನೋಡುತ್ತಿದ್ದರು. ಪ್ರತಿಸಲವೂ ಒಂದೇ ಪ್ರಶ್ನೆ.

“ಬಾಜೂದಿಂದ ಬೆಂಕಿ ಬಂದಿಲ್ಲಲ್ರಿ ಸರ?”

“ಬೆಂಕಿ ಕೆಳಗಿಂದ ಬರೋದ್ರಿ ಚಾಚಾ. ಬಾಜೂದಿಂದ ಯಾಕ ಬರ್ತದ?” ಎಂದು ನಾನು ಕ್ರಿಯೆ, ಪ್ರತಿಕ್ರಿಯೆ ಎಂದು ಪಾಠ ಶುರುಮಾಡುತ್ತಿದ್ದೆ. ಅವರು ತಲೆಯಾಡಿಸಿ ಕೇಳುತ್ತಿದ್ದರು. ತುಂಬಿದ ಕೊಡ ತುಳುಕುವುದಿಲ್ಲ ಎಂಬುದು ಆಗ ನನಗೆ ಹೊಳೆಯಲಿಲ್ಲ. ಎಂಥ ಅರೆಬರೆ ಮೇಷ್ಟ್ರು ನಾನು!

ಒಂದು ಬೇಸಗೆಯಲ್ಲಿ ಚಾಚಾನ ಬಲಗೈ ಸೋಲತೊಡಗಿತು. ನಟ್ಟು ಬಿಚ್ಚಲು ಹಿಡಿದ ಪಾನಾ ಜಾರಿ ಬೀಳುತ್ತಿತ್ತು. ತಲೆನೋವಿಗೆ ರುಮಾಲು ಬಿಗಿದುಕೊಂಡೇ ಕೂರುತ್ತಿದ್ದರು. ಕಲಬುರಗಿಯ ಡಾಕ್ಟರು ತಲೆಯ ಎಂಆರ್‌ಐ ಆಗಲೇಬೇಕು ಎಂದರು. ಒಳಗೆ ಗಂಟು ಇದ್ದರೆ ಬೇಗ ಗೊತ್ತಾದಷ್ಟೂ ಒಳ್ಳೆಯದು, ತಡಮಾಡಬೇಡಿ ಎಂದರು. ಚಾಚಿ ಶಾಲೆಗೇ ಬಂದು ನಿಂತರು. “ನನ್ನ ಮಾತ್ ಕೇಳಂಗಿಲ್ಲ ಅವ್ರು. ನೀವು ಕಲ್ತಾವ್ರು. ನೀವ್ ಕರಕೊಂಡು ಹೋದ್ರ ಬರ್ತಾರ.” ನಾನು ರಜೆ ಹಾಕಿ ಕರೆದುಕೊಂಡು ಹೋದೆ.

ಎಂಆರ್‌ಐ ಯಂತ್ರ ನೋಡಿದವರಿಗೆ ಗೊತ್ತು, ಅದೊಂದು ದೊಡ್ಡ ಕೊಳವೆ. ಮಲಗಿಸಿ, ಮುಖದ ಮೇಲೆ ಪಂಜರದಂಥದ್ದು ಇಟ್ಟು, ತಲೆಯ ಕಡೆಯಿಂದ ಒಳಗೆ ಸರಿಸುತ್ತಾರೆ. ಬಾಗಿಲಲ್ಲಿ ಅದನ್ನು ಕಂಡ ಕೂಡಲೇ ಚಾಚಾ ನಿಂತುಬಿಟ್ಟರು. ಆದರೂ ಹೋಗಿ ಮಲಗಿದರು. ಯಂತ್ರ ಟಕಟಕ ಟಕಟಕ ಎಂದು ಬಡಿಯಲು ಶುರುಮಾಡಿದ್ದೇ ತಡ, ಬೆನ್ನ ಮೇಲೆಯೇ ಹಾವಿನ ಹಾಗೆ ಸರಿದು ಹೊರಗೆ ಬಂದರು. ಎರಡನೆಯ ಸಲವೂ ಹಾಗೇ, ಮೂರನೆಯ ಸಲವೂ ಹಾಗೇ. “ಹೊರಗ ಕರ್ಯಾಕತ್ತಾರ್ರಿ” ಎಂದಷ್ಟೇ ಅನ್ನುತ್ತಿದ್ದರು. ನಿದ್ದೆ ಬರುವ ಇಂಜೆಕ್ಷನ್ ಕೊಡುತ್ತೇವೆ ಎಂದರೆ ಕೈಮುಗಿದುಬಿಟ್ಟರು. “ನಿದ್ದಿ ಮಾತ್ರ ಬ್ಯಾಡ್ರಿ. ಒಳಗ ನಿದ್ದಿ ಬಂದ್ರ ಮುಗೀತು.” ಅಲ್ಲಿದ್ದವರು ಮುಖ ಮುಖ ನೋಡಿಕೊಂಡು ನಕ್ಕರು. ನನಗೂ ಸಿಟ್ಟು ಬಂತು. ದೊಡ್ಡವರಾಗಿ ಇದೆಂಥ ಮಕ್ಕಳಾಟ ಎಂದು ಎಲ್ಲರೆದುರು ಗದರಿದೆ.

ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಾಗ ಚಾಚಾ ಬಾಯಿಬಿಟ್ಟರು. “ಕಸಮ್ ಅದ ಸರ. ಇದು ನಿಮ್ಮ ಹೊಟ್ಟ್ಯಾಗೇ ಇರ್ಲಿ. ಫ್ಯಾಕ್ಟರಿ ಗೇಟಿನ್ಯಾಗ ಕಾಗದಕ್ಕ ದಸ್ಕತ್ ಮಾಡೇನಿ, ಯಾರಿಗೂ ಹೇಳಂಗಿಲ್ಲಂತ. ನಿಮ್ಮ ಚಾಚೀಗೂ ಹೇಳಿಲ್ಲ.” ನಾನು ಆಣೆ ಮಾಡಿ ಮಾತು ಕೊಟ್ಟೆ.

ಹೈದರಾಬಾದಿನದು ಟೈರ್ ಫ್ಯಾಕ್ಟರಿ ಆಗಿರಲಿಲ್ಲ. ಕ್ಷಿಪಣಿಯ ಉಕ್ಕಿನ ಕೊಳವೆಗಳು ಅಲ್ಲಿಗೆ ಬರುತ್ತಿದ್ದವು. ಇಂಧನ ತುಂಬುವ ಮೊದಲು ಕೊಳವೆಯ ಒಳಮೈಗೆಲ್ಲ ರಬ್ಬರ್ ಹಾಳೆ ಅಂಟಿಸಬೇಕು, ಇಲ್ಲದಿದ್ದರೆ ಒಳಗಿನ ಬೆಂಕಿ ಉಕ್ಕನ್ನೇ ತಿನ್ನುತ್ತದೆ. ಕೊಳವೆಯ ಬಾಯಿ ಇಕ್ಕಟ್ಟು. ಅದರೊಳಗೆ ತೂರುವ ಮೈ ಚಾಚಾನದು. ಗುತ್ತಿಗೆಯವನು ಅವರನ್ನು ಆರಿಸಿದ್ದೇ ಅದಕ್ಕೆ. “ಒಂದ್ ಗಾಳಿ ಗುಳ್ಳಿ ಉಳೀಬಾರದು ಸರ. ಉಳೀತಂದ್ರ ಬಾಜೂದಿಂದ ಬೆಂಕಿ ಬರ್ತದ, ಮ್ಯಾಲೇ ಒಡೀತದ.” ಆ ಮಾತಿಗೆ ನಾನು ತಲೆ ತಗ್ಗಿಸಿದೆ.

ಒಳಗೆ ಅಂಟಿನ ವಾಸನೆಗೆ ನಿದ್ದೆ ಬರುತ್ತಿತ್ತು. ಅದಕ್ಕೇ ಒಳಗೆ ಹೋದವನ ಕಾಲಿಗೆ ಹಗ್ಗ, ಹೊರಗೊಬ್ಬ ಅದನ್ನು ಬಿಗಿಯಾಗಿ ಹಿಡಿದು ನಿಲ್ಲಬೇಕು. ಹಗ್ಗ ಬಿಗಿಯಾಗಿದ್ದರೆ ‘ನಾ ಇದ್ದೇನಿ, ಹೆದರಬ್ಯಾಡ’ ಎಂದರ್ಥ. ಹೊರಗಿನಿಂದ ಕೊಳವೆಗೆ ಟಕಟಕ ಟಕಟಕ ಎಂದು ಬಡಿದರೆ, ಇದ್ದದ್ದು ಇದ್ದಲ್ಲೇ ಬಿಟ್ಟು ಹೊರಗೆ ಬರಬೇಕು. ಒಂದು ದಿನ ಚಾಚಾನಿಗೆ ಒಳಗೆ ಕಣ್ಣು ಮುಚ್ಚತೊಡಗಿತು. “ಹಗ್ಗ ಜಗ್ಗಿದೆ ಸರ. ಸಡ್ಲ ಬಂತು. ಹಿಡಿದಾವ ಚಾ ಕುಡ್ಯಾಕ ಹೋಗಿದ್ದ.” ಯಾರೋ ಕಂಡು ಓಡಿಬಂದು ಬಡಿದರಂತೆ, ಆ ಸದ್ದಿಗೆ ಎಚ್ಚರವಾಗಿ ಹೇಗೋ ತೆವಳಿ ಬಂದರಂತೆ. ಅಂದಿನಿಂದ ಗೋಡೆ ಎಂದರೆ ಅವರಿಗೆ ಆಗದು.

“ಮತ್ತ ಆ ಕೆಲಸ ಯಾಕ ಬಿಟ್ರಿ?”

“ನಾ ಎಲ್ಲಿ ಬಿಟ್ಟೆ? ದೂರ ಹೋಗ್ಬೇಕಂದ್ರ ಹಗುರಾಗ್ಬೇಕಲ್ರಿ. ಉಕ್ಕು ಬಿಟ್ಟು ದಾರಾ ಸುತ್ತಾಕ ಶುರು ಮಾಡಿದ್ರು. ಮೊದಲ ಅಚ್ಚಿನ ಮ್ಯಾಲ ರಬ್ಬರ್, ಅದರ ಮ್ಯಾಲ ದಾರಾ. ಒಳಗ ಮನಷ್ಯಾನೇ ಬೇಕಾಗಲಿಲ್ಲ. ಚಲೋನೇ ಆತು ಬಿಡ್ರಿ.”

ಅವರು ದಾರಾ ಎಂದ ಆ ಇಂಗಾಲದ ನೂಲಿನ ಬಗ್ಗೆ ನಾನು ಬೋರ್ಡಿನ ಮೇಲೆ ಬರೆದಿದ್ದೆ, ದೇಶದ ದೊಡ್ಡ ಹೆಜ್ಜೆ ಎಂದು. ಹೆಜ್ಜೆ ನಿಜವೇ. ಕೊಳವೆಯಿಂದ ಚಾಚಾನನ್ನು ಬಿಡಿಸಿದ್ದೂ ಅದೇ, ಮನೆಗೆ ಕಳಿಸಿದ್ದೂ ಅದೇ.

ಆವತ್ತು ನಾನೊಂದು ಉಪಾಯ ಹೇಳಿದೆ. ಯಂತ್ರದ ಹೊರಗೆ ಅವರ ಪಾದ ಕಾಣುತ್ತಿರುತ್ತದೆ. ನಾನು ಅದನ್ನು ಗಟ್ಟಿಯಾಗಿ ಹಿಡಿದು ನಿಲ್ಲುತ್ತೇನೆ. ಹಿಡಿತ ಇರುವವರೆಗೆ ಎಷ್ಟೇ ಬಡಿಯಲಿ, ಬರಬಾರದು. ಚಾಚಾ ನನ್ನ ಮುಖವನ್ನೇ ನೋಡಿದರು. “ಬಿಡಂಗಿಲ್ಲಲ್ರಿ?” “ಬಿಡಂಗಿಲ್ಲ ಚಾಚಾ.”

ಮುಂದಿನ ವಾರ ಮತ್ತೆ ಹೋದೆವು. ಕಿಸೆಯದನ್ನೆಲ್ಲ ಹೊರಗಿಟ್ಟು ನಾನೂ ಒಳಗೆ ನಿಂತೆ. ಎರಡೂ ಕೈಯಲ್ಲಿ ಅವರ ಬಲಪಾದ ಹಿಡಿದೆ, ಮಗುವಿನ ಪಾದದಷ್ಟೇ ಇತ್ತು. ಬಡಿತ ಶುರುವಾಯಿತು. ಪಾದ ಒಮ್ಮೆ ಜಗ್ಗಿತು, ನಾನು ಅದುಮಿದೆ, ಸುಮ್ಮನಾಯಿತು. ಹಾಗೆಯೇ ಎರಡು ಸುತ್ತು ಮುಗಿದವು. ನನ್ನ ಜನ್ಮದಲ್ಲಿ ಅಷ್ಟು ಒಳ್ಳೆಯ ಕೆಲಸ ಇನ್ನೊಂದು ಮಾಡಿರಲಿಲ್ಲ ಅನ್ನಿಸಿತು.

ನಡುವೆ ಯಂತ್ರ ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ. ಆಗ ಬಾಗಿಲು ತೆರೆದು ಒಬ್ಬ ತರುಣ ಪ್ಲಾಸ್ಟಿಕ್ ಕುರ್ಚಿ ತಂದ. ಆ ಪಾಳಿಯ ತಂತ್ರಜ್ಞ, ನನ್ನ ಹಳೆಯ ವಿದ್ಯಾರ್ಥಿ. “ಸರ, ನೀವು ಇವ್ರ ಕಾಲ್ ಹಿಡ್ಕೊಂಡು ನಿಲ್ಲೋದಾ? ಬ್ಯಾಡ್ರಿ ಸರ, ಕೂಡ್ರಿ.” ಅವನ ದನಿಯಲ್ಲಿ ಇದ್ದದ್ದು ಬರೀ ಗೌರವ. ಆದರೆ ನನಗೆ ನಾಚಿಕೆಯಾಯಿತು. ಗಾಜಿನಾಚೆ ಇನ್ನಿಬ್ಬರು ನೋಡುತ್ತಿದ್ದರು. ಹೈಸ್ಕೂಲು ಮೇಷ್ಟ್ರು, ಪಂಕ್ಚರ್ ಹಾಕುವವರ ಪಾದ... ನಾನು ಕೈ ಬಿಟ್ಟೆ. ಕುರ್ಚಿ ಎಳೆದುಕೊಂಡು ಕೂತೆ. ಅವನು ಬಾಗಿಲು ಹಾಕಿಕೊಂಡು ಹೋದ, ಬಡಿತ ಮತ್ತೆ ಶುರುವಾಯಿತು. ನಾನು ಏಳುವಷ್ಟರಲ್ಲಿ ಚಾಚಾ ಹೊರಗೆ ಬಂದಿದ್ದರು. ಪಂಜರ ತಾಗಿ ಹುಬ್ಬು ಒಡೆದು ರಕ್ತ ಇಳಿಯುತ್ತಿತ್ತು. ಅವರು ನನ್ನ ಮುಖ ನೋಡಲಿಲ್ಲ, ಕೈ ನೋಡಿದರು. “ಸಾಕ್ರಿ ಸರ” ಎಂದರು.

ಚಿತ್ರ ಅರ್ಧಕ್ಕೇ ನಿಂತಿತ್ತು, ಅದರಿಂದ ಏನೂ ಹೇಳಲಾಗದು ಎಂದರು ಡಾಕ್ಟರು. ಎಷ್ಟು ಬೇಡಿಕೊಂಡರೂ ಚಾಚಾ ಮತ್ತೆ ಬರಲಿಲ್ಲ. ಸಿಟ್ಟು ಮಾಡಲಿಲ್ಲ. ಅಂಗಡಿಗೆ ಹೋದರೆ ಎಂದಿನಂತೆ ಚಹಾ ತರಿಸುತ್ತಿದ್ದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದಿನ ಅಂಗಡಿಯಲ್ಲೇ ಕುಸಿದರು. ಪ್ರಜ್ಞೆ ಇಲ್ಲದವರನ್ನು ಅದೇ ಯಂತ್ರದೊಳಗೆ ಸರಿಸಿದರು. ಈ ಸಲ ಚಾಚಾ ಅಲುಗಾಡದೆ ಮಲಗಿದ್ದರು, ಚಿತ್ರ ಚೆನ್ನಾಗಿ ಬಂತು. ಗಂಟು ಮೊದಲೇ ಸಿಕ್ಕಿದ್ದರೆ ಏನಾದರೂ ಮಾಡಬಹುದಿತ್ತು ಎಂದರು ಡಾಕ್ಟರು. ನಾಲ್ಕನೆಯ ದಿನ ಹೋಗಿಬಿಟ್ಟರು.

ಊರ ಬಾಯಿಗೆ ಮುಚ್ಚಳ ಉಂಟೇ? ಮಷೀನಿಗೆ ಹೆದರಿ ಸತ್ತ ಎಂದರು. ಮಣ್ಣು ಕೊಡಲು ಹೋದವರು ಅಂದರು, ಶಾಲೆಯ ಸ್ಟಾಫ್ ರೂಮಿನಲ್ಲೂ ಅಂದರು. ಅವರು ಹೆದರುಪುಕ್ಕಲ ಅಲ್ಲ ಎನ್ನಬೇಕಾದರೆ ಕಸಮ್ ಮುರಿಯಬೇಕು, ಕುರ್ಚಿಯ ಮಾತೂ ಹೇಳಬೇಕು. ನಾನು ಎರಡನ್ನೂ ಮಾಡಲಿಲ್ಲ. ವರ್ಗಾವಣೆ ಕೇಳಿ ಆಳಂದಕ್ಕೆ ಬಂದೆ. ಬಂದರೇನು, ಆ ಕೋಣೆಯಿಂದ ನಾನಿನ್ನೂ ಹೊರಬಿದ್ದಿಲ್ಲ.

ಗುರುವಾರ ಟ್ಯೂಬಿನ ತೇಪೆ ಒಣಗುತ್ತಿರುವಾಗ ದರ್ಗಾದ ಕಡೆಯಿಂದ ಬರುತ್ತಿದ್ದ ಒಬ್ಬರು ನನ್ನನ್ನು ಕಂಡು ನಿಂತರು. ಚಾಚಿ! ಬಹಳ ಇಳಿದುಹೋಗಿದ್ದರು. ಈಗ ಅಫಜಲಪುರದಲ್ಲಿ ತಂಗಿಯ ಜೊತೆ ಇದ್ದಾರಂತೆ. ಮನೆಯವರನ್ನೆಲ್ಲ ಕೇಳಿದರು. ಆಮೇಲೆ ಸೆರಗಿನಲ್ಲಿದ್ದ ಸಕ್ಕರೆಯ ಪ್ರಸಾದ ನನ್ನ ಅಂಗೈಗೆ ಹಾಕಿದರು.

“ಅವ್ರು ಹೇಳ್ತಿದ್ರು ಸರ. ‘ಮಾಸ್ತರು ಕಡೀತನಕ ನನ್ನ ಕಾಲ್ ಬಿಡಲಿಲ್ಲ, ನಾನೇ ಹೆದರಿ ಎದ್ದು ಬಂದೆ’ ಅಂತ. ಯಾರ್ ಮಾಡ್ತಾರ್ರಿ ಹಂಗ, ಈಗಿನ ಕಾಲದಾಗ? ಅಲ್ಲಾ ನಿಮಗ ಚಲೋ ಇಟ್ಟಿರ್ಲಿ.”

ಸಕ್ಕರೆ ಬೆವರಿಗೆ ಅಂಟಿಕೊಂಡಿತು. ಅಂಗಡಿಯವನ ಮೊಬೈಲಿನಲ್ಲಿ ಕ್ಷಿಪಣಿ ಮತ್ತೆ ಮತ್ತೆ ಮೇಲೇಳುತ್ತಿತ್ತು, ಬದಿಯಲ್ಲಿ ಒಂದು ಕಿಡಿಯೂ ಇಲ್ಲದೆ. ನಾನು “ಹೌದ್ರಿ ಚಾಚಿ” ಎಂದೆ. ಅಷ್ಟೇ ಎಂದೆ. ಅವರು ಬಸ್ಸಿಗೆ ಹೊತ್ತಾಯಿತೆಂದು ಹೊರಟರು.

ಚಾಚಾನಿಗೆ ಕೊಟ್ಟ ಮಾತು ಇಲ್ಲಿ ಮುರಿದಿದ್ದೇನೆ, ಗೊತ್ತು. ಚಾಚಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಅದು ಗೊತ್ತಿದ್ದೇ ಇದನ್ನು ಬರೆದಿದ್ದೇನೆ.